ದಂಡೆ ಉಳಿದರೆ ವಿಹಾರ

ಬೆಳಗಾವಿಯ ಅರಗನ ತಲಾವದಂಥ ಸದ್ದಿಲ್ಲದ ಕೆರೆ ನಗರದ ಜನರ ವಿಹಾರಕ್ಕೆ ಹೇಗೆ ಒದಗಬೇಕು ಎಂಬುದು ಇಲ್ಲಿಯ ಪ್ರಶ್ನೆ. ಮಾತಾಡುವವರು ಇಬ್ಬರು. ಒಬ್ಬರಿಗೆ ಜನರ ಸೌಕರ್ಯದ ಚಿಂತೆ, ಇನ್ನೊಬ್ಬರಿಗೆ ದಂಡೆಯ ಚಿಂತೆ.

ಹಿರಿಯರು: ತಮ್ಮಾ, ಹಿಂದವಾಡಿ, ಟಿಳಕವಾಡಿ, ಆನಗೋಳ, ಶಹಾಪುರ, ಇವತ್ತು ಎಲ್ಲಿ ನೋಡಿದರೂ ಮನೆಗೆ ಮನೆ ತಾಗಿ ನಿಂತಿದೆ. ಅಂಗಳಗಳು ಹೋದವು, ಅಪಾರ್ಟ್‌ಮೆಂಟ್‌ಗಳು ಬಂದವು. ಸಂಜೆ ಹೊರಗೆ ಕಾಲಿಟ್ಟರೆ ಗಾಡಿಗಳ ಗದ್ದಲ. ಇಂಥಲ್ಲಿ ನಡೆದು ಹೋಗುವಷ್ಟು ಹತ್ತಿರ ಒಂದು ಕೆರೆ ಇರುವುದು ದೊಡ್ಡ ಭಾಗ್ಯ. ಜನ ಬಂದು ಸಂತೋಷಪಡುವಂತೆ ಅದನ್ನು ಸಜ್ಜುಗೊಳಿಸಬೇಕು ಎಂಬುದು ನನ್ನ ವಾದ. ನಮ್ಮ ಊರಿನ ಕೋಟೆ ಕೆರೆಯನ್ನೇ ನೋಡು. ಉದ್ಯಾನ ಬಂತು, ದೋಣಿ ಬಂತು, 2018ರಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಂತಿತು. ಊರಿಗೆ ಬಂದ ನೆಂಟರಿಗೆ ತೋರಿಸುವ ಜಾಗವಾಯಿತು. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ನೀರಿನ ನಡುವೆ ವಿವೇಕಾನಂದರ ಪ್ರತಿಮೆ ಇದೆ, ಅಲ್ಲಿಯೂ ಜನ ಸಂಸಾರ ಸಮೇತ ಸೇರುತ್ತಾರೆ. ನಮ್ಮ ತಲಾವದ ಸುತ್ತ ಕಲ್ಲಿನ ಗೋಡೆ ಕಟ್ಟಿ, ಫರಸಿ ಹಾಸಿ, ದೀಪ ಹಾಕಿ, ಎರಡು ದೋಣಿ ಬಿಟ್ಟು, ಮಕ್ಕಳಿಗೆ ಜೋಕಾಲಿ ಕಟ್ಟಿದರೆ ಏನು ತಪ್ಪು?

ಕಿರಿಯರು: ತಪ್ಪು ಸರಿ ಆಮೇಲೆ ನೋಡೋಣ ಕಾಕಾ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಸದ್ದಿಲ್ಲದ ಕೆರೆಯ ಬಳಿ ಹೋದ ಮನುಷ್ಯನಿಗೆ ಅಲ್ಲಿ ಸಿಗುವುದೇನು? ಅಮೆರಿಕದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿ 1989ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರ ಮಾತಿನ ಸಾರ ಸರಳವಾಗಿದೆ. ಓದು, ಲೆಕ್ಕ, ವಾಹನ ಓಡಿಸುವುದು, ಮೊಬೈಲು ನೋಡುವುದು, ಇವಕ್ಕೆಲ್ಲ ಮನಸ್ಸನ್ನು ಬಲವಂತವಾಗಿ ಒಂದು ಕಡೆ ಹಿಡಿದು ನಿಲ್ಲಿಸಬೇಕು, ಹಾಗೆ ಹಿಡಿಯುವ ಶಕ್ತಿ ದಣಿಯುತ್ತದೆ. ನೀರಿನ ಅಲೆ, ಎಲೆಗಳ ಅಲುಗಾಟ, ಹಕ್ಕಿಯ ಓಡಾಟ ಮನಸ್ಸನ್ನು ಸೆಳೆಯುತ್ತವೆ, ಆದರೆ ಜಗ್ಗುವುದಿಲ್ಲ. ಆಗ ದಣಿದ ಶಕ್ತಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಇದಕ್ಕೂ ಮೊದಲು, 1984ರಲ್ಲಿ, ರೋಜರ್ ಉಲ್ರಿಚ್ ಎಂಬವರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದ್ದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಗಿಡಮರ ಕಾಣುತ್ತಿತ್ತು, ಇನ್ನರ್ಧ ಜನರ ಕಿಟಕಿಗೆ ಇಟ್ಟಿಗೆ ಗೋಡೆ. ಗಿಡಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಅವರಿಗೆ ಬಲವಾದ ನೋವುನಿವಾರಕವೂ ಕಡಿಮೆ ಬೇಕಾಯಿತು. ಕೆರೆಯಂಗಳದ ನಿಶ್ಶಬ್ದ ಕೆಲಸ ಮಾಡುವ ರೀತಿ ಇದು. ದೀಪದ ಮಾಲೆ, ಧ್ವನಿವರ್ಧಕ, ಎಂಜಿನ್ ದೋಣಿ ಬಂದರೆ ಮನಸ್ಸು ಮತ್ತೆ ದುಡಿಮೆಗೆ ನಿಲ್ಲುತ್ತದೆ, ಕೆರೆಗೆ ಹೋದ ಕಾರಣವೇ ಕೈತಪ್ಪುತ್ತದೆ.

ಹಿರಿಯರು: ಇದು ಹೊರದೇಶದ ಆಸ್ಪತ್ರೆಯ ಮಾತು. ನಮ್ಮ ಜನರ ಸಂತೋಷದ ರೀತಿಯೇ ಬೇರೆ. ನಾವು ನಾಲ್ಕು ಜನ ಕೂಡಿದರೆ ಮಾತು, ನಗು, ತಿಂಡಿ. ಜಾತ್ರೆ ನಮ್ಮ ರಕ್ತದಲ್ಲಿದೆ. ಒಬ್ಬರೇ ಕೂತು ನೀರು ನೋಡುವ ವಿಹಾರ ಕೆಲವರಿಗೆ ಹಿಡಿಸೀತು. ದಿನವಿಡೀ ಶಾಲೆಯ ಬೆಂಚಿನ ಮೇಲೆ ಕೂತು ಬಂದ ಹುಡುಗನಿಗೆ ಮತ್ತೆ ಸುಮ್ಮನೆ ಕೂಡು ಎನ್ನುವುದು ನ್ಯಾಯವೇ? ಕೆಲವೇ ಜನರ ರುಚಿಗಾಗಿ ಸಾರ್ವಜನಿಕ ಕೆರೆಯನ್ನು ಕಾದಿರಿಸಿದಂತೆ ಆಗುವುದಿಲ್ಲವೇ?

ಕಿರಿಯರು: ಮಕ್ಕಳಿಗೆ ಆಟ ಬೇಕೇ ಬೇಕು, ಜನರಿಗೆ ಜಾತ್ರೆಯೂ ಬೇಕು. ಜೋಕಾಲಿಗೆ ಬೇಕಾದದ್ದು ಸಮತಟ್ಟಾದ ನೆಲ ಮತ್ತು ಮರದ ನೆರಳು, ಅದನ್ನು ಯಾವ ಬಡಾವಣೆಯಲ್ಲಾದರೂ ಮಾಡಬಹುದು. ಕೆರೆಯನ್ನು ಬೇಕಾದಲ್ಲಿ ಮಾಡಲು ಬರುವುದಿಲ್ಲ. ತಗ್ಗು, ಹರಿದು ಬರುವ ನೀರು, ಹಿಡಿದಿಡುವ ಮಣ್ಣು ಕೂಡಿದಲ್ಲಿ ಮಾತ್ರ ಅದು ಇರುತ್ತದೆ. ಬೇರೆಲ್ಲಿಯಾದರೂ ಸಿಗುವ ಸುಖಕ್ಕಾಗಿ, ಇಲ್ಲಿ ಮಾತ್ರ ಸಿಗುವ ಸುಖವನ್ನು ಕಳೆದುಕೊಳ್ಳುವುದು ಲೆಕ್ಕಕ್ಕೆ ಕೂಡುವ ಮಾತಲ್ಲ. ಆ ಸುಖ ಹುಟ್ಟುವುದು ದಂಡೆಯಲ್ಲಿ. ಕೆರೆಯ ನಡುನೀರಿನಲ್ಲಿ ನೋಡಲು ಹೆಚ್ಚೇನೂ ಇರುವುದಿಲ್ಲ. ಮೊಳಕಾಲು ಆಳದ ನೀರು, ಜೊಂಡು, ಕೆಸರು, ಹುಲ್ಲು ಕೂಡುವ ಅಂಚಿನಲ್ಲಿ ಕೊಳಬಕ ಬೇಟೆಗೆ ನಿಲ್ಲುತ್ತದೆ, ಗುಳುಮುಳುಕ ಗೂಡು ಕಟ್ಟುತ್ತದೆ, ಮೀನಿನ ಮರಿ ಅಡಗುತ್ತದೆ, ಏರೋಪ್ಲೇನ್ ಚಿಟ್ಟೆ ಮೊಟ್ಟೆ ಇಡುತ್ತದೆ. ಜೊಂಡಿನ ಬೇರು ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರಿಕೊಂಡು ಪಾಚಿ ಉಕ್ಕದಂತೆ ತಡೆಯುತ್ತದೆ. ಇನ್ನೊಂದು ಸಂಗತಿ: ನಮ್ಮ ಕಡೆ ಈ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ನೀರು ದಂಡೆ ಏರುತ್ತದೆ, ಏಪ್ರಿಲ್, ಮೇ ಹೊತ್ತಿಗೆ ಹಿಂದೆ ಸರಿಯುತ್ತದೆ. ಸರಿದ ಜಾಗದ ಹಸಿ ಕೆಸರಿನಲ್ಲಿ ಟಿಟ್ಟಿಭ, ಗೊರವ ಮೇಯುತ್ತವೆ. ಸುತ್ತಲೂ ನೆಟ್ಟನೆ ಗೋಡೆ ಎಬ್ಬಿಸಿದರೆ ವರ್ಷವಿಡೀ ಹಿಂದೆ ಮುಂದೆ ನಡೆಯುವ ಅಂಚು ಒಂದು ಗೆರೆಯಾಗಿ ಹೆಪ್ಪುಗಟ್ಟುತ್ತದೆ. ಆಮೇಲೆ ಉಳಿಯುವುದು ನೀರು ತುಂಬಿದ ತೊಟ್ಟಿ.

ಹಿರಿಯರು: ಹಕ್ಕಿಗೆ ಕೆಸರು ಹಿತವಾದೀತು. ಮನುಷ್ಯನಿಗೆ ಕೆಸರು ಅಪಾಯ. ಇಳಿಜಾರಿನಲ್ಲಿ ಕಾಲು ಜಾರುತ್ತದೆ, ಹುಡುಗರು ನೀರಿಗೆ ಬೀಳುತ್ತಾರೆ, ಜೊಂಡಿನಲ್ಲಿ ಹಾವು ಇರುತ್ತದೆ. ಗೋಡೆ ಕಟ್ಟು ಎಂದು ನಾನು ಹೇಳುವುದು ಚೆಂದಕ್ಕಲ್ಲ, ಜೀವಕ್ಕೆ. ಅದೂ ಅಲ್ಲದೆ ವಯಸ್ಸಾದವರಿಗೆ ಸಮನಾದ ದಾರಿ ಬೇಕು. ಹೆಣ್ಣುಮಕ್ಕಳು ಏಳು ಗಂಟೆಯ ಮೇಲೆ ಕತ್ತಲೆಯ ಕೆರೆಗೆ ಹೋಗಲಾರರು, ಅವರಿಗೆ ಬೆಳಕು ಬೇಕು. ನೀನು ಹೇಳುವ ಸಹಜ ದಂಡೆ ಗಟ್ಟಿಮುಟ್ಟಾದ ಗಂಡಸರಿಗಷ್ಟೇ ದಕ್ಕುವ ವಿಹಾರವಾದರೆ ಅದನ್ನು ನಾನು ಒಪ್ಪಲಾರೆ.

ಕಿರಿಯರು: ನೀವು ಹೇಳಿದ್ದರಲ್ಲಿ ಅತಿ ತೂಕದ ಮಾತು ಇದೇ ಕಾಕಾ. ಜೀವದ ವಿಷಯದಿಂದಲೇ ಶುರು ಮಾಡೋಣ. ನೆಟ್ಟನೆ ಗೋಡೆಯ ಕೆರೆಗೆ ಬಿದ್ದ ಮಗುವಿಗೆ ಮೊದಲ ಹೆಜ್ಜೆಯಲ್ಲೇ ಆಳ, ಮೇಲೆ ಹತ್ತಲು ಹಿಡಿತವಿಲ್ಲ. ನಿಧಾನವಾಗಿ ಇಳಿಯುವ ದಂಡೆಯಲ್ಲಿ ಜಾರಿದ ಮಗು ಮೊದಲು ಮುಟ್ಟುವುದು ಪಾದ ಮುಳುಗುವಷ್ಟು ನೀರನ್ನು, ಅಲ್ಲಿಂದ ಎದ್ದು ಬರಬಹುದು. ನಮ್ಮ ಹಿಂದಿನವರು ನೀರಿಗೆ ಇಳಿಯಲೇಬೇಕಾದ ಕಡೆ ಮೆಟ್ಟಿಲು ಕಟ್ಟಿದರು, ಉಳಿದ ಕೆರೆಗಳಿಗೆ ಒಂದು ಬದಿ ಮಣ್ಣಿನ ಏರಿ ಹಾಕಿ ಮೂರು ಬದಿ ಇಳಿಜಾರಾಗಿ ಬಿಟ್ಟರು. ಸುರಕ್ಷತೆಯ ವಿವೇಕ ಆ ರಚನೆಯಲ್ಲೇ ಇದೆ. ಇನ್ನು ದಾರಿ. ದಾರಿ ಇರಲಿ, ಸಮತಟ್ಟಾಗಿರಲಿ, ಗಾಲಿಕುರ್ಚಿಯೂ ಹೋಗುವಂತಿರಲಿ. ಆದರೆ ಅದು ನೀರಿನ ತುದಿಯಲ್ಲಿ ಬೇಡ, ತುಂಬುನೀರಿನ ಗೆರೆಯಿಂದ ದೂರ ಸರಿದು ಮರಗಳ ಸಾಲಿನ ಹೊರಗೆ ಇರಲಿ. ಕೆರೆಯನ್ನು ಪೂರ್ತಿ ಸುತ್ತಲೇಬೇಕು ಎಂಬ ಹಟ ಬೇಡ. ರಸ್ತೆಯ ಕಡೆಯ ದಂಡೆ ಜನರಿಗೆ, ಎದುರಿನ ದಂಡೆ ಹಕ್ಕಿಗಳಿಗೆ ಎಂದು ಹಂಚಿದರೆ ಇಬ್ಬರಿಗೂ ನೆಮ್ಮದಿ. ಜೊಂಡಿನ ಹಾವಿನಿಂದಲೂ ನಡೆಯುವವರು ದೂರವೇ ಉಳಿಯುತ್ತಾರೆ. ಬೆಳಕು ದಾರಿಯ ಮೇಲೆ ಬೀಳುವ ಗಿಡ್ಡ ಕಂಬದ ದೀಪವಾಗಿರಲಿ, ನೀರಿನ ಮೇಲೆ ಬೀಳುವ ಹೈಮಾಸ್ಟ್ ಬೇಡ. ಹೆಣ್ಣುಮಕ್ಕಳ ಸುರಕ್ಷತೆಗೆ ಕಣ್ಣು ಕುಕ್ಕುವ ಬೆಳಕಿಗಿಂತ ಹೆಚ್ಚು ನೆರವಾಗುವವು ದೂರದವರೆಗೆ ಕಾಣುವ ತೆರವಾದ ದಾರಿ, ಒಬ್ಬ ಕಾವಲುಗಾರ, ಶುಚಿಯಾದ ಶೌಚಾಲಯ, ದಿನವೂ ಅಡ್ಡಾಡುವ ಪರಿಚಿತ ಮುಖಗಳು. ಇವು ಯಾವುವೂ ದಂಡೆಗೆ ಕೇಡು ಮಾಡುವುದಿಲ್ಲ.

ಹಿರಿಯರು: ಕಾವಲುಗಾರನಿಗೆ ಸಂಬಳ ಕೊಡುವವರು ಯಾರು? ಶೌಚಾಲಯ ತೊಳೆಯುವ ಖರ್ಚು ಎಲ್ಲಿಂದ? ದೋಣಿಗೆ ಟಿಕೆಟ್ ಇಟ್ಟರೆ, ಒಂದು ಉಪಾಹಾರ ಗೃಹಕ್ಕೆ ಜಾಗ ಕೊಟ್ಟರೆ ಕೆರೆ ತನ್ನ ಖರ್ಚು ತಾನೇ ದುಡಿಯುತ್ತದೆ. ಗಿರಮಿಟ್ಟು, ಮಿರ್ಚಿ ಭಜಿ, ಸುಟ್ಟ ಗೊಂಜಾಳ ತೆನೆ ಮಾರುವ ನಾಲ್ಕು ಬಡವರ ಹೊಟ್ಟೆಯೂ ತುಂಬುತ್ತದೆ. ಎಲ್ಲವನ್ನೂ ಪಾಲಿಕೆಯ ಖಜಾನೆಯ ಮೇಲೆ ಹೊರಿಸಿದರೆ ಎರಡು ವರ್ಷಕ್ಕೆ ಅದು ಕೈಬಿಡುತ್ತದೆ.

ಕಿರಿಯರು: ತೆನೆ ಮಾರುವವರ ಬಗ್ಗೆ ನಮ್ಮಿಬ್ಬರಲ್ಲಿ ಭೇದವಿಲ್ಲ. ರಸ್ತೆಯ ಬದಿಯಲ್ಲಿ ಅವರಿಗೊಂದು ಸಾಲು, ಪ್ಲಾಸ್ಟಿಕ್ಕಿಗೆ ತಡೆ, ಕಸಕ್ಕೆ ಡಬ್ಬಿ, ಇಷ್ಟು ಮಾಡಿದರೆ ಸಾಕು. ಕೆರೆಯನ್ನೇ ದುಡಿಮೆಗೆ ಹಚ್ಚುವ ಪ್ರಯೋಗ ಮಾತ್ರ ಬೆಂಗಳೂರಿನಲ್ಲಿ ಆಗಿಹೋಗಿದೆ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಮುಂದೆ ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳು ಖಾಸಗಿಯವರಿಗೆ ಗುತ್ತಿಗೆಗೆ ಹೋದವು. ಹಿಂದೆ ಹಣ ಕೊಡದೆ ದಂಡೆಗೆ ಹೋಗುತ್ತಿದ್ದವರು ಟಿಕೆಟ್ಟಿನ ಮುಂದೆ ನಿಲ್ಲಬೇಕಾಯಿತು. 2008ರಲ್ಲಿ ಇದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ನ್ಯಾಯಾಲಯ ಕೆರೆಗಳನ್ನು ಸಾರ್ವಜನಿಕ ಸ್ವತ್ತಾಗಿ ಕಾಯುವ ದಾರಿ ಹಾಕಿಕೊಟ್ಟಿತು. ಲಾಭಕ್ಕೆಂದು ಬಂದವರಿಗೆ ಬರುವವರ ಸಂಖ್ಯೆ ವರ್ಷವರ್ಷ ಏರಲೇಬೇಕು, ಆ ಏರಿಕೆಯ ಹೊರೆ ಬೀಳುವುದು ದಂಡೆಯ ಮೇಲೆ. ದೋಣಿ ಬೇಕೇ ಬೇಕೆಂದರೆ ರಂಗನತಿಟ್ಟನ್ನು ನೋಡಬಹುದು. ಅರಣ್ಯ ಇಲಾಖೆ ಅಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಜನರನ್ನು ಗೂಡುಗಳ ಹತ್ತಿರದವರೆಗೆ ಕರೆದೊಯ್ಯುತ್ತದೆ, ಹಕ್ಕಿಗಳು ಕದಲುವುದಿಲ್ಲ. ಆದರೆ ಅದು ಹರಿಯುವ ಕಾವೇರಿ. ಬಡಾವಣೆಯ ನಡುವಿನ ಸಣ್ಣ ಕೆರೆಯಲ್ಲಿ ಹಕ್ಕಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಖರ್ಚಿನ ಮಾತಿಗೆ ಬಂದರೆ, ಅತಿ ಹೆಚ್ಚು ಹಣ ನುಂಗುವುದು ಕಲ್ಲು, ಕಾಂಕ್ರೀಟು, ಕಾರಂಜಿ ಮತ್ತು ಅವುಗಳ ದುರಸ್ತಿ. ಹುಲ್ಲಿನ ದಂಡೆಗೆ ಅಷ್ಟು ದುರಸ್ತಿ ಬೇಡ. ಉಳಿಯುವ ಆ ಹಣದಲ್ಲಿ ಕಾವಲುಗಾರನ ಸಂಬಳ ಹೊರಡುತ್ತದೆ.

ಹಿರಿಯರು: ಇರಲಿ. ಇನ್ನೊಂದು ಭಯವಿದೆ, ಅದಕ್ಕೆ ಉತ್ತರ ಕೊಡು. ಯಾವ ಕಾಮಗಾರಿಯೂ ಇಲ್ಲದ ಕೆರೆಯನ್ನು ಜನ ಪಾಳು ಎಂದೇ ತಿಳಿಯುತ್ತಾರೆ. ಮೊದಲು ಕಟ್ಟಡದ ಅವಶೇಷ ಬಂದು ಬೀಳುತ್ತದೆ, ಆಮೇಲೆ ಚರಂಡಿ ತಿರುಗುತ್ತದೆ, ಕೊನೆಗೆ ಒತ್ತುವರಿ. ಕಲ್ಲಿನ ಗೋಡೆಯಾದರೂ ಇದ್ದರೆ ಕೆರೆಯ ಗಡಿ ಎಲ್ಲಿ ಎಂದು ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಗತಿ ನಮ್ಮ ತಲಾವಕ್ಕೆ ಬಂದರೆ ನಿನ್ನ ಕೊಳಬಕ ಎಲ್ಲಿ ನಿಲ್ಲುತ್ತದೆ?

ಕಿರಿಯರು: ಬೆಳ್ಳಂದೂರು ಕೆಟ್ಟದ್ದು ಅಲಂಕಾರ ಇಲ್ಲದ್ದಕ್ಕಲ್ಲ, ನಗರದ ಕೊಳಚೆ ನೀರು ಸಂಸ್ಕರಣೆಯಾಗದೆ ನುಗ್ಗಿದ್ದಕ್ಕೆ. ಮಾರ್ಜಕದ ನೊರೆ ರಸ್ತೆಗೆ ಉಕ್ಕಿತು, 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಲ್ಲಿ ಬೆಂಕಿಯೇ ಎದ್ದಿತು. ಸುತ್ತಲೂ ಅಮೃತಶಿಲೆ ಹಾಸಿದ್ದರೂ ಆ ಬೆಂಕಿ ತಪ್ಪುತ್ತಿರಲಿಲ್ಲ. ಅದೇ ಊರಿನ ಜಕ್ಕೂರು ಕೆರೆಗೆ ಘಟಕದಲ್ಲಿ ಸಂಸ್ಕರಿಸಿದ ನೀರು ಬರುತ್ತದೆ. ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ಮೀನುಗಾರರು ಬಲೆ ಹಾಕುತ್ತಾರೆ, ಜನ ಬೆಳಗ್ಗೆ ಸಂಜೆ ನಡೆಯುತ್ತಾರೆ, ಹಕ್ಕಿಗಳೂ ಇವೆ. ಆದ್ದರಿಂದ ಮೊದಲ ರೂಪಾಯಿ ಚರಂಡಿಗೆ ಹೋಗಬೇಕು, ಎರಡನೆಯದು ಮಳೆನೀರಿನ ಕಾಲುವೆಗೆ, ಮೂರನೆಯದು ದಾರಿಗೆ. ಗಡಿ ಕಾಣಬೇಕು ಎಂಬ ನಿಮ್ಮ ಮಾತು ನಿಜ. ಸರ್ವೇ ಮಾಡಿಸಿ ಗಡಿಕಲ್ಲು ನೆಟ್ಟು, ಆ ಗೆರೆಯ ಮೇಲೆ ಹೊಂಗೆ, ನೇರಳೆ ಸಾಲು ಹಚ್ಚಿದರೆ ಗೋಡೆ ಮಾಡುವ ಕೆಲಸವನ್ನು ಮರಗಳೇ ಮಾಡುತ್ತವೆ. ಕೆರೆ ಕಾಯುವ ಕಣ್ಣು ದಿನವೂ ಬರುವ ಜನರದ್ದು. ಆ ಮಟ್ಟಿಗೆ ವಿಹಾರವೇ ಕೆರೆಯ ಕಾವಲು. ನೀರಿನ ಪ್ರಶ್ನೆಯಲ್ಲಿ ನಮ್ಮ ಊರಿಗೆ ತನ್ನದೇ ಅನುಭವವಿದೆ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಬಂದವರಿಗೆ ನೀರು ಒದಗಿಸಲು 4,370 ರೂಪಾಯಿ 3 ಆಣೆ ಖರ್ಚು ಮಾಡಿ ಬಾವಿ ತೋಡಿ ಪಂಪಾ ಸರೋವರವೆಂದು ಕರೆದರು. ಇವತ್ತಿನ ಕಾಂಗ್ರೆಸ್ ಬಾವಿ ಅದೇ. ಮುಂದೆ ರಕ್ಕಸಕೊಪ್ಪದಿಂದ ಮಾರ್ಕಂಡೇಯ ನದಿಯ ನೀರು ನಳಕ್ಕೆ ಬಂತು, ಬಾವಿಗಳು ಮರೆತುಹೋದವು. 1995ರಲ್ಲಿ ನೀರಿಗೆ ಬರ ಬಂದಾಗ ಹಳೆಯ ತೆರೆದ ಬಾವಿಗಳ ಹೂಳು ತೆಗೆಸಿ ಮತ್ತೆ ಬಳಸಬೇಕಾಯಿತು. ಬಾವಿಯ ಸೆಲೆಗೆ ನೀರು ಇಂಗಬೇಕು, ಇಂಗಲು ಮಣ್ಣಿನ ತಳ, ಮಣ್ಣಿನ ದಂಡೆ ಬೇಕು. ವಿಹಾರಕ್ಕೆ ಉಳಿಸಿದ ದಂಡೆ ಬರಗಾಲಕ್ಕೂ ಆಗುತ್ತದೆ.

ಹಿರಿಯರು: ಗಣಪತಿ ಹಬ್ಬದ ಮಾತೂ ಬರಲೇಬೇಕು. 1905ರಲ್ಲಿ ಲೋಕಮಾನ್ಯ ಟಿಳಕರು ಚಾಲನೆ ಕೊಟ್ಟ ಸಾರ್ವಜನಿಕ ಗಣೇಶೋತ್ಸವ ಈ ಊರಿನ ಹೆಮ್ಮೆ. ವಿಸರ್ಜನೆಗೆ ನೀರು ಬೇಡವೇ?

ಕಿರಿಯರು: ಬೇಕು, ಅದಕ್ಕಾಗಿಯೇ ಕಪಿಲೇಶ್ವರದ ಹೊಂಡ ಇದೆ. ಕಟ್ಟೆಯಿದೆ, ಕ್ರೇನು ನಿಲ್ಲಲು ಜಾಗವಿದೆ, ಹಬ್ಬ ಮುಗಿದ ಮೇಲೆ ನೀರು ಹೊರಹಾಕಿ ತಳ ಬಳಿಯಲು ಬರುತ್ತದೆ. ಸಹಜ ಕೆರೆಯ ತಳವನ್ನು ಹಾಗೆ ಬಳಿಯಲಾಗದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಗ ಕರಗುವುದಿಲ್ಲ, ಬಣ್ಣದ ಲೋಹ ಕೆಸರಿನಲ್ಲಿ ಉಳಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಅಂಥ ಮೂರ್ತಿ ಬೇಡವೆಂದೇ ಹೇಳುತ್ತದೆ. ಹೊಂಡಕ್ಕೆ ಹಬ್ಬ, ಕೆರೆಗೆ ನೆಮ್ಮದಿ ಎಂದು ಇಟ್ಟುಕೊಂಡರೆ ಎರಡಕ್ಕೂ ಗೌರವ.

ಹಿರಿಯರು: ಹಾಗಾದರೆ ಕೆರೆಗೆ ಬಂದವರು ಮಾಡುವುದಾದರೂ ಏನು? ಬೇಡಗಳ ಪಟ್ಟಿ ಬೆಳೆಯಿತು, ಬೇಕುಗಳನ್ನು ಹೇಳು.

ಕಿರಿಯರು: ಬೇಕುಗಳೇ ಹೆಚ್ಚು ಇವೆ ಕಾಕಾ. ನಡೆಯುವುದು, ಹಗುರಾಗಿ ಓಡುವುದು, ಮಗುವಿಗೆ ಹೊರದಾರಿಯಲ್ಲಿ ಸೈಕಲ್ ಕಲಿಸುವುದು, ಮರದ ಬುಡದಲ್ಲಿ ಕೂತು ಓದುವುದು, ಚಿತ್ರ ಬರೆಯುವುದು, ಬುತ್ತಿ ಬಿಚ್ಚಿ ಮನೆಮಂದಿಯೊಡನೆ ಉಣ್ಣುವುದು, ಅನುಮತಿ ಇದ್ದಲ್ಲಿ ಗಾಳ ಹಾಕಿ ಕೂಡುವುದು. ಇವಕ್ಕೆ ಟಿಕೆಟ್ಟೂ ಬೇಡ, ಯಂತ್ರವೂ ಬೇಡ. ಹುಡುಗರನ್ನು ಸುಮ್ಮನೆ ಕೂಡಿಸಬೇಡ ಎಂದಿರಿ, ಅವರ ಕೈಗೆ ದುರ್ಬೀನು, ವಹಿ ಕೊಡೋಣ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಹವ್ಯಾಸಿಗಳೇ ಅದರ ಬೆನ್ನೆಲುಬು. ನಮ್ಮ ಊರಿನ ಶಾಲೆಯೊಂದರ ಮಕ್ಕಳು ವರ್ಷಕ್ಕೊಮ್ಮೆ ತಮ್ಮ ತಲಾವದ ಹಕ್ಕಿ ಎಣಿಸಿ ಬರೆದಿಟ್ಟರೆ ಅದು ಆಟವೂ ಹೌದು, ಊರಿನ ದಾಖಲೆಯೂ ಹೌದು. ಇಂಥ ವಿಹಾರಕ್ಕೆ ಜನ ಬರುವುದಿಲ್ಲ ಎನ್ನುವವರು ಗದಗ ಜಿಲ್ಲೆಯ ಮಾಗಡಿ ಕೆರೆ ನೋಡಬೇಕು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು, ಸುತ್ತಲಿನ ಹೊಲಗಳಲ್ಲಿ ಮೇದು, ಹಗಲು ನೀರಿನ ಮೇಲೆ ವಿಶ್ರಮಿಸುತ್ತವೆ. ಅವನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ರೈತರ ಒಂದು ಸಾಮಾನ್ಯ ಕೆರೆಗೆ ಜಗತ್ತಿನ ಮನ್ನಣೆ ತಂದದ್ದು ಕಾರಂಜಿಯಲ್ಲ, ಕದಡದೆ ಉಳಿದ ನೀರು.

ಹಿರಿಯರು: ಕಾನೂನು ಏನು ಹೇಳುತ್ತದೆ? ಜನರ ಒಳ್ಳೆಯತನವನ್ನೇ ನಂಬಿ ಕೂಡಲಾಗದು.

ಕಿರಿಯರು: 2017ರ ಜೌಗುಪ್ರದೇಶ ನಿಯಮಗಳು, ಹಿಂದಿನ 10 ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ದೋಣಿಗಟ್ಟೆಯ ಹೊರತು ಶಾಶ್ವತ ಕಟ್ಟಡ ಕೂಡದು ಎನ್ನುತ್ತವೆ. ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯ ಕಟ್ಟಿದ ಕೆರೆಗಳನ್ನು ಅದೇ ನಿಯಮಗಳು ಹೊರಗಿಟ್ಟಿವೆ, ನಮ್ಮ ನಾಡಿನ ಬಹುಪಾಲು ಕೆರೆಗಳು ಅಂಥವೇ. ಆದರೆ ಹಿಂಚಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲೇ ಹಳ್ಳಿಯ ಹೊಂಡವೂ ಸಮುದಾಯದ ಸಂಪತ್ತು, ಅದರ ರಕ್ಷಣೆ ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಕಾನೂನಿನ ಅಕ್ಷರ ಬಿಟ್ಟ ಕಡೆ ಪಾಲಿಕೆಯ ಠರಾವು ತುಂಬಬಹುದು. 50 ಮೀಟರ್ ಆಗದ ಇಕ್ಕಟ್ಟಿನ ಕಡೆ ಸಾಧ್ಯವಿದ್ದಷ್ಟನ್ನಾದರೂ ಬಿಡಲಿ.

ಹಿರಿಯರು: ನಾನು ಬೇಡಿದ ಸಮನಾದ ದಾರಿ, ಬೆಳಕು, ಶೌಚಾಲಯ, ಕಾವಲುಗಾರ, ತೆನೆ ಮಾರುವವರ ಸಾಲು, ಇವೆಲ್ಲ ನಿನ್ನ ಲೆಕ್ಕದಲ್ಲಿ ಉಳಿದಿವೆ. ಬಿಟ್ಟುಹೋದದ್ದು ಗೋಡೆ, ಎಂಜಿನ್, ಹೈಮಾಸ್ಟ್. ಅವು ಇಲ್ಲದೆ ಯಾರಿಗೂ ನಷ್ಟವಿಲ್ಲ ಎಂದು ನನಗೂ ಅನಿಸುತ್ತದೆ. ಹಾಗಾದರೆ ನಮ್ಮ ವಾರ್ಡಿನ ಜನ ಒಂದು ಮಾತು ಹಿಡಿಯಲಿ. ಯಾವುದೇ ಕೆರೆಯ ಅಭಿವೃದ್ಧಿಗೆ ಹಣ ಮಂಜೂರಾದ ಸುದ್ದಿ ಬಂದರೆ ಕೆಲಸ ಶುರುವಾಗುವ ಮೊದಲೇ ನಕ್ಷೆ ಕೇಳಿ ನೋಡಲಿ. ಚರಂಡಿ ನೀರು ಎಲ್ಲಿಗೆ ತಿರುಗಿಸಿದ್ದೀರಿ, ದಂಡೆ ಎಷ್ಟು ಬಿಟ್ಟಿದ್ದೀರಿ ಎಂಬ ಎರಡು ಪ್ರಶ್ನೆ ಕೇಳಲಿ. ಇವೆರಡಕ್ಕೆ ಸರಿಯಾದ ಉತ್ತರ ಸಿಗದ ಕಾಮಗಾರಿಗೆ, ಅದರ ಚಿತ್ರ ಎಷ್ಟೇ ಚೆಂದ ಕಾಣಲಿ, ಒಪ್ಪಿಗೆ ಕೊಡಬಾರದು.